ಪತ್ತು ಉಳಿಸಿಕೊಂಡವರು



ನಮ್ಮ ಉತ್ತರ ಕರ್ನಾಟಕದ ಯಾವ ದೊಡ್ಡ ಹಳ್ಳಿಗೆ ಹೋದರೂ ಬಸ್ಸಿನಿಂದ ಇಳಿದ ಕೂಡಲೇ ಕಣ್ಣಿಗೆ ಬೀಳುವ ನಾಲ್ಕಾರು ಫಲಕಗಳಲ್ಲಿ ಒಂದು 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ'. ಗೊಬ್ಬರಕ್ಕೆ, ಬೆಳೆಸಾಲಕ್ಕೆ, ಪಡಿತರಕ್ಕೆ ಆ ಸಂಘದ ಕಟ್ಟೆಯ ಮೇಲೆ ಕುಳಿತು ಕಾದವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆದರೆ ಆ ಫಲಕದ ನಡುವೆ ಇರುವ 'ಪತ್ತು' ಎಂಬ ಎರಡಕ್ಷರದ ಮೇಲೆ ಕಣ್ಣು ನಿಲ್ಲಿಸಿದವರು ಕಡಿಮೆ.

ಪತ್ತು ಎಂದರೆ ಸಾಲ ಎಂದು ಈಗ ನಾವು ತಿಳಿಯುತ್ತೇವೆ. ಹಳಬರ ಬಾಯಲ್ಲಿ ಅದಕ್ಕೆ ಇನ್ನೂ ದೊಡ್ಡ ಅರ್ಥವಿತ್ತು. "ಅಂವಗ ಊರಾಗ ಪತ್ತು ಐತಿ" ಎಂದರೆ ಅವನ ಮಾತಿಗೆ ಬೆಲೆಯುಂಟು, ಅವನನ್ನು ನಂಬಬಹುದು, ಅವನ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ ಎಂದರ್ಥ. "ಪತ್ತು ಕಳಕೊಂಡ" ಎಂದರೆ ಅವನ ಮನೆ, ಹೊಲ, ಎತ್ತು ಎಲ್ಲವೂ ಹಾಗೇ ಇದ್ದರೂ ಮನುಷ್ಯ ಮಾತ್ರ ಕುಸಿದ ಎಂದರ್ಥ. ನಂಬಿಕೆ, ಹೆಸರು, ಮಾನ ಈ ಮೂರನ್ನೂ ಕೂಡಿಸಿ ಒಂದೇ ಗಂಟಿನಲ್ಲಿ ಕಟ್ಟಿದ ಮಾತು ಅದು.

ಮನುಷ್ಯ ಒಳ್ಳೆಯವನಾಗಿ ಯಾಕೆ ಬಾಳಬೇಕು? ದೇವರು ನೋಡುತ್ತಾನೆ ಎಂದು ಒಬ್ಬರು ಹೇಳುತ್ತಾರೆ. ಮಾಡಿದ ಕರ್ಮ ಬೆನ್ನು ಹತ್ತುತ್ತದೆ ಎಂದು ಇನ್ನೊಬ್ಬರು. ಕಾನೂನು ಬಿಡುವುದಿಲ್ಲ ಎಂದು ಮತ್ತೊಬ್ಬರು. ನಮ್ಮ ಹಿರಿಯರು ಈ ಎಲ್ಲ ಮಾತಿಗೂ ತಲೆದೂಗುತ್ತಿದ್ದರು, ಆದರೆ ಮಗ ಬೇರೆ ಊರಿಗೆ ದುಡಿಯಲು ಹೊರಟಾಗ, ಮಗಳು ಗಂಡನ ಮನೆಗೆ ಹೊರಟಾಗ, ಹೊಸ್ತಿಲ ಮೇಲೆ ನಿಂತು ಹೇಳಿದ್ದು ಒಂದೇ ಮಾತು: "ಹೆಸರು ಕೆಡಿಸಿಕೊಳ್ಳಬ್ಯಾಡ." ಈ ಒಂದು ಮಾತಿನ ಬಲ ಎಷ್ಟು, ಅದರಲ್ಲಿ ಅಡಗಿರುವ ಅಪಾಯ ಯಾವುದು ಎಂಬುದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ತಂದೆಯವರದು ಹಳ್ಳಿಯಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ಬೆಲ್ಲ, ಚಹಾಪುಡಿ, ಒಳ್ಳೆಣ್ಣೆ, ಚಿಮಣಿ ಎಣ್ಣೆ, ಕಡ್ಡಿಪೆಟ್ಟಿಗೆ, ಇಷ್ಟೇ ವ್ಯಾಪಾರ. ಅದರಲ್ಲಿ ಮುಕ್ಕಾಲು ಪಾಲು ಉದ್ರಿ. ಸುಗ್ಗಿಯಾದ ಮೇಲೆ ತೀರಿಸುವ ಕರಾರು. ಆ ಕರಾರಿಗೆ ಸಹಿ ಇಲ್ಲ, ಸಾಕ್ಷಿ ಇಲ್ಲ. ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಕಿರ್ದಿ ಪುಸ್ತಕವೊಂದಿತ್ತು. ದೀಪಾವಳಿಯ ಪಾಡ್ಯದ ದಿನ ಹೊಸ ಕಿರ್ದಿಗೆ ಕುಂಕುಮ ಹಚ್ಚಿ ಪೂಜೆ ಮಾಡಿ, ಮೊದಲ ಹಾಳಿಯಲ್ಲಿ 'ಶ್ರೀ' ಎಂದು ಬರೆಯುತ್ತಿದ್ದರು. ಹಳೆಯ ಬಾಕಿಗಳನ್ನು ಹೊಸ ಪುಸ್ತಕಕ್ಕೆ ಇಳಿಸುವ ಕೆಲಸ ನನ್ನದು. ಆಗ ನಾನು ಏಳನೇ ಇಯತ್ತೆ.

ಒಂದು ವರ್ಷ ಹಬ್ಬಕ್ಕೆ ಮುಂಚೆ ಒಬ್ಬ ಹೆಣ್ಣುಮಗಳು ಅಂಗಡಿಯ ಮುಂದೆ ಬಂದು ನಿಂತಳು. ಗಂಡ ಜ್ವರದಲ್ಲಿ ತೀರಿಹೋಗಿ ತಿಂಗಳೂ ತುಂಬಿರಲಿಲ್ಲ. ಮನೆಯಲ್ಲಿ ಎರಡು ಸಣ್ಣ ಕೂಸು.

"ಅಣ್ಣಾರ, ನಮ್ಮ ಮನಿಯವರ ಹೆಸರಿನ್ಯಾಗ ಎಷ್ಟು ಬಾಕಿ ಐತಿ, ತಗದು ನೋಡ್ರಿ" ಎಂದಳು.

ತಂದೆ ಪುಸ್ತಕ ತೆಗೆಯಲಿಲ್ಲ. "ಈಗೇನು ಅವಸರ ತಂಗೀ? ಮೊದಲ ಮಕ್ಕಳ ಹೊಟ್ಟಿ ನೋಡು. ಆ ಹಾಳಿ ನಾ ಹರಿದು ಒಗಿತೀನಿ" ಎಂದರು.

ಆಕೆ ತಲೆ ಅಲ್ಲಾಡಿಸಿದಳು. "ಹಂಗ ಮಾಡಬ್ಯಾಡ್ರಿ ಅಣ್ಣಾರ. ಹರಿದು ಒಗದ್ರ ನೀವು ಬಿಟ್ಟಂಗ ಆಗ್ತೈತಿ, ನಾವು ತೀರಿಸಿದಂಗ ಆಗೂದಿಲ್ಲ. ಅವರ ಹೆಸರು ನಿಮ್ಮ ಪುಸ್ತಕದಾಗ ಬಾಕಿ ಉಳೀಬಾರದ್ರಿ."

ಬಾಕಿ ಇದ್ದದ್ದು 114 ರೂಪಾಯಿ. ಆ ಕಾಲಕ್ಕೆ, ಆ ಮನೆಗೆ ಅದು ಸಣ್ಣ ಮೊತ್ತವಲ್ಲ. ಕಳೆ ಕೀಳುವ ಕೂಲಿ, ಹತ್ತಿ ಬಿಡಿಸುವ ಕೂಲಿ, ಕೆಲವೊಮ್ಮೆ ದುಡ್ಡಿನ ಬದಲು ಒಂದೆರಡು ಸೇರು ಜೋಳ, ಹೀಗೆ ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಆಕೆ ಎಲ್ಲವನ್ನೂ ಮುಟ್ಟಿಸಿದಳು. ಕೊನೆಯ ದಿನ "ನನ್ನ ಕಣ್ಣ ಮುಂದ ಗೀಟು ಹೊಡೀರಿ" ಎಂದು ಕೇಳಿದಳು. ತಂದೆ ಆ ಹೆಸರಿನ ಕೆಳಗಿನ ಲೆಕ್ಕದ ಮೇಲೆ ಓರೆಯಾಗಿ ಒಂದು ಗೀಟು ಎಳೆದು 'ಚುಕ್ತಾ' ಎಂದು ಬರೆದರು. ಆಕೆಗೆ ಓದಲು ಬರುತ್ತಿರಲಿಲ್ಲ. ಇನ್ನೂ ಹಸಿಯಾಗಿದ್ದ ಆ ಗೀಟಿನ ಮೇಲೆ ಬೆರಳು ಇಟ್ಟಳು. ಬೆರಳಿಗೆ ಮಸಿ ಹತ್ತಿತು. ಅದನ್ನು ಸೆರಗಿಗೆ ಒರೆಸಿಕೊಂಡು, ತಲೆ ಎತ್ತಿ ನಡೆದು ಹೋದಳು.

ಆಕೆಯನ್ನು ಯಾವ ಕೋರ್ಟೂ ಕರೆದಿರಲಿಲ್ಲ. ಸಾಲ ಕೊಟ್ಟವನೇ ಬೇಡ ಎಂದಿದ್ದ. ತೀರಿಸಿದ್ದಕ್ಕೆ ಪುಣ್ಯ ಬಂದೀತು ಎಂಬ ಲೆಕ್ಕವೂ ಆಕೆಯ ಮಾತಿನಲ್ಲಿ ಇರಲಿಲ್ಲ. ಇದ್ದದ್ದು ಒಂದೇ: ನಮ್ಮ ಮನೆ ಅಂಥದ್ದಲ್ಲ. ಇದೇ ನಾನು ಹೇಳಹೊರಟ ಮಾನ.

ಈ ಮಾನದ ಮೇಲೆ ಒಂದು ಸಂಸ್ಥೆಯನ್ನೇ ಕಟ್ಟಬಹುದು ಎಂದು ನಮ್ಮ ನಾಡು ಒಮ್ಮೆ ತೋರಿಸಿಕೊಟ್ಟಿದೆ. ಗದಗದ ಮಗ್ಗುಲಿಗೆ ಕಣಗಿನಹಾಳ ಎಂಬ ಊರಿದೆ. 1905ರಲ್ಲಿ ಅಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರ ಹಿರಿಯರನ್ನು ಕೂಡಿಸಿಕೊಂಡು ಒಂದು ಪತ್ತಿನ ಸಂಘ ತೆರೆದರು. ಏಷ್ಯಾ ಖಂಡದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದು ಹೆಸರಾಯಿತು. ಆಗ ಆ ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಮಳೆಯನ್ನೇ ನಂಬಿದ ಎರೆಭೂಮಿ. 1876ರಿಂದ 1878ರವರೆಗಿನ ಮಹಾ ಬರ ಕಂಡವರು ಇನ್ನೂ ಬದುಕಿದ್ದ ಕಾಲ. ಬಿತ್ತನೆಗೆ ಬೀಜ ಬೇಕು, ಎತ್ತು ಬೇಕು. ದುಡ್ಡು ಸಿಗುವುದು ಸಾಹುಕಾರನ ಹತ್ತಿರ ಮಾತ್ರ. ಬಡ್ಡಿ ಏರಿದಂತೆ ಹೊಲ ಕೈಬಿಡುತ್ತಿತ್ತು. ಪೇಟೆಯ ಬ್ಯಾಂಕಿನ ಮೆಟ್ಟಿಲು ಹತ್ತಲು ರೈತನ ಹತ್ತಿರ ಬ್ಯಾಂಕು ಒಪ್ಪುವಂಥ ಒತ್ತೆ ಇರಲಿಲ್ಲ.

ಹಾಗಾದರೆ ಆ ಸಂಘ ಯಾವ ಒತ್ತೆಯ ಮೇಲೆ ಸಾಲ ಕೊಟ್ಟಿತು? 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಇತ್ತು. ಹದಿನೆಂಟು ದಾಟಿದ ಹತ್ತು ಜನ, ಒಂದೇ ಊರಿನವರು ಅಥವಾ ಅಕ್ಕಪಕ್ಕದ ಊರಿನವರು, ಕೂಡಿ ಸಂಘ ಕಟ್ಟಬಹುದಿತ್ತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಒಬ್ಬ ಮುಳುಗಿಸಿದರೆ ಉಳಿದವರೆಲ್ಲ ತಮ್ಮ ಆಸ್ತಿಪಾಸ್ತಿ ಸಮೇತ ಜವಾಬ್ದಾರರು. ಈ ವಿಚಾರದ ಬೇರು ಜರ್ಮನಿಯಲ್ಲಿತ್ತು. ಅಲ್ಲಿ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬ ಹಳ್ಳಿಗಾಡಿನ ಮೇಯರು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಡ ರೈತರಿಗಾಗಿ ಇಂಥ ಸಂಘಗಳನ್ನು ಕಟ್ಟಿದ್ದ. ಮದ್ರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವನ್ನು ಅಭ್ಯಾಸ ಮಾಡಿ 1890ರ ದಶಕದಲ್ಲಿ ದೊಡ್ಡ ವರದಿಯನ್ನೇ ಬರೆದ.

ಮಿತಿಯಿಲ್ಲದ ಹೊಣೆ ಎಂದರೆ ಏನು, ಸ್ವಲ್ಪ ಯೋಚಿಸಿ. ಸಾಲದ ಅರ್ಜಿ ಬಂದಾಗ ಪಂಚರು ಕೇಳಬೇಕಾದ ಪ್ರಶ್ನೆ ಇವನ ಹತ್ತಿರ ಏನಿದೆ ಎಂಬುದಲ್ಲ; ಇವನು ಎಂಥವನು ಎಂಬುದು. ದುಡಿಯುವವನೋ, ಕುಡಿಯುವವನೋ? ಎತ್ತಿಗೆಂದು ತೆಗೆದುಕೊಂಡ ದುಡ್ಡನ್ನು ಎತ್ತಿಗೇ ಹಾಕುತ್ತಾನೋ? ಈ ಪ್ರಶ್ನೆಗೆ ಉತ್ತರ ಪೇಟೆಯ ಬ್ಯಾಂಕಿನವರಿಗೆ ಗೊತ್ತಿಲ್ಲ, ಪಕ್ಕದ ಹೊಲದವನಿಗೆ ಗೊತ್ತು. ಹೊಲದ ಉತಾರಕ್ಕಿಂತ ಮನುಷ್ಯನ ನಡತೆ ಗಟ್ಟಿ ಒತ್ತೆ ಎಂದು ನಂಬಿ ಆ ಜನ ಮುಂದಡಿ ಇಟ್ಟರು. ಅವರು ಒತ್ತೆ ಇಟ್ಟುಕೊಂಡದ್ದು ಮಾನವನ್ನು. ಅದಕ್ಕೇ ಅದು ಪತ್ತಿನ ಸಂಘ.

ಅಭಿಮಾನದ ಮಾತು ಈ ಸೀಮೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ಎಲ್ಲೆಯಾಗಿ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇವತ್ತಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಆ ಗ್ರಂಥ ಕನ್ನಡಿಗರ ಗುಣಗಳನ್ನು ಎಣಿಸುವಾಗ ಇವರು ಅಭಿಮಾನಿಗಳು ಎಂದೂ ಹೇಳುತ್ತದೆ. ಸಾವಿರ ವರ್ಷಕ್ಕೂ ಹಿಂದೆ, ಜನರನ್ನು ಹೊಗಳುವಾಗ ಐಶ್ವರ್ಯವೊಂದೇ ಸಾಲದು, ಮಾನದ ಮಾತೂ ಬರಬೇಕು ಎಂದು ತಿಳಿದವರು ನಮ್ಮ ಹಿರಿಯರು.

ಮಾನಕ್ಕೆ ಇರುವ ಬಲ ಬೇರೆ ಕಾರಣಗಳಿಗೆ ಯಾಕಿಲ್ಲ? ಕಾನೂನಿನ ಕಣ್ಣು ಕಾನೂನು ಇರುವಲ್ಲಿಗಷ್ಟೇ ಮುಟ್ಟುತ್ತದೆ. ಲಾಭಕ್ಕಾಗಿ ಪ್ರಾಮಾಣಿಕನಾದವನು ಮೋಸದಲ್ಲಿ ಹೆಚ್ಚು ಲಾಭ ಕಂಡ ದಿನ ಮಗ್ಗುಲು ಬದಲಿಸುತ್ತಾನೆ. ಸ್ವರ್ಗ ನರಕ ದೂರದ ಮಾತು, ಆಸೆ ಹತ್ತಿರದ್ದು. ಮಾನ ಮಾತ್ರ ಕೈ ಚಾಚುವ ಆ ಹೊತ್ತಿಗೇ ಕೈ ಹಿಡಿಯುತ್ತದೆ. ಲಂಚದ ಲಕೋಟೆ ಮೇಜಿನ ಮೇಲೆ ಬಂದಾಗ 'ಸಿಕ್ಕಿಬಿದ್ದರೆ' ಎಂದು ಯೋಚಿಸುವವನು ಸಿಕ್ಕಿಬೀಳದ ದಾರಿ ಹುಡುಕುತ್ತಾನೆ. 'ಇದು ನನಗೆ ಒಪ್ಪುವ ಕೆಲಸವಲ್ಲ' ಎನ್ನುವವನಿಗೆ ಅಲ್ಲಿಗೇ ಮಾತು ಮುಗಿಯಿತು.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಸಂಶಯ ಬಂದಿರಬಹುದು. ಮಾನವೆಂದರೆ ನಾಲ್ಕು ಮಂದಿಯ ಕಣ್ಣಿಗೆ ಅಂಜುವುದು ತಾನೇ? ನೋಡುವವರಿಲ್ಲದ ಕಡೆ ಆ ಮಾನ ಎಲ್ಲಿರುತ್ತದೆ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಡ ದಂಪತಿಗಳಿಬ್ಬರು ಉತ್ತರ ಕೊಟ್ಟಿದ್ದಾರೆ.

ಲಿಂಗಸೂಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದಕ್ಕೇ ಅವನು ಆಯ್ದಕ್ಕಿ ಮಾರಯ್ಯ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿದ ಕೂಡಲೇ, ನಮಗೆ ಎಂದಿನಷ್ಟೇ ಸಾಕು, ಹೆಚ್ಚಿನದನ್ನು ಇದ್ದಲ್ಲಿಗೇ ಹಾಕಿ ಬಾ ಎಂದು ತಿರುಗಿ ಕಳಿಸಿದಳು. ಚೆಲ್ಲಿದ ಅಕ್ಕಿ ಅದು. ಯಾರೂ ಕೇಳುವವರಿರಲಿಲ್ಲ, ಯಾರೂ ಎಣಿಸುವವರಿರಲಿಲ್ಲ. ಕದ್ದದ್ದೂ ಅಲ್ಲ. ಆದರೂ ಲಕ್ಕಮ್ಮನ ಮನಸ್ಸು ಒಪ್ಪಲಿಲ್ಲ. ಆಸೆ ಒಂದು ಹಿಡಿ ಹೆಚ್ಚಾದರೂ ತನ್ನ ಬಡತನದ ಗೌರವಕ್ಕೆ ಕುಂದು ಎಂದು ಆಕೆ ತಿಳಿದಳು.

ಮಾನ ಹೊರಗಿನಿಂದ ಶುರುವಾಗುತ್ತದೆ ಎಂಬುದು ನಿಜ. ಮಗುವಿಗೆ ಮೊದಲು ಅಪ್ಪ ಅವ್ವ ನೋಡುತ್ತಾರೆಂಬ ಅಂಜಿಕೆ, ಆಮೇಲೆ ಗುರುಗಳು, ಆಮೇಲೆ ಓಣಿಯ ಮಂದಿ. ಆದರೆ ಚೆನ್ನಾಗಿ ಬೆಳೆದ ಮಾನ ಅಲ್ಲಿಗೇ ನಿಲ್ಲುವುದಿಲ್ಲ. ಹೊರಗಿನ ಆ ಕಣ್ಣುಗಳು ಒಂದು ದಿನ ಒಳಗೆ ಬಂದು ಕೂಡುತ್ತವೆ. ಆಮೇಲೆ ಮನುಷ್ಯ ಒಬ್ಬನೇ ಇದ್ದಾಗಲೂ ತನ್ನ ಮುಂದೆಯೇ ನಾಚುತ್ತಾನೆ. ಲಕ್ಕಮ್ಮನದು ಅಂಥ ಒಳಗಣ್ಣು. ನಮ್ಮ ಅಂಗಡಿಗೆ ಬಂದ ಆ ಹೆಣ್ಣುಮಗಳದೂ ಅದೇ.

ಇನ್ನು ಅಪಾಯದ ಮಾತಿಗೆ ಬರುತ್ತೇನೆ. ಇದನ್ನು ಮುಚ್ಚಿಟ್ಟು ಮಾನದ ಹೊಗಳಿಕೆಯನ್ನಷ್ಟೇ ಮಾಡಿದರೆ ನಾನು ಕೇಳುಗರಿಗೆ ಮೋಸ ಮಾಡಿದಂತೆ. ಗದಗದ ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದನೆಂದು ನಾವು ನಂಬುತ್ತೇವೆ. ಅವನ ಕರ್ಣನನ್ನು ಎರಡು ಕಡೆ ನೋಡಿ. ಯುದ್ಧಕ್ಕೆ ಮುಂಚೆ ಕೃಷ್ಣ ಅವನ ಹುಟ್ಟಿನ ಗುಟ್ಟು ಹೇಳಿ, ನೀನೇ ಹಿರಿಯ, ಬಾ, ರಾಜ್ಯ ನಿನ್ನದು ಎಂದು ಕರೆಯುತ್ತಾನೆ. ಕರ್ಣ ಹೋಗುವುದಿಲ್ಲ. ತನ್ನನ್ನು ಯಾರೂ ಲೆಕ್ಕಕ್ಕಿಡದಿದ್ದಾಗ ಅನ್ನವಿಟ್ಟು ಪಕ್ಕದಲ್ಲಿ ಕೂರಿಸಿಕೊಂಡ ದುರ್ಯೋಧನನನ್ನು ಬಿಡುವುದು ಅವನಿಗೆ ಸಾಧ್ಯವಿಲ್ಲ. ಹಳಗನ್ನಡದಲ್ಲಿ ಇದಕ್ಕೆ ಜೋಳವಾಳಿ ಎಂಬ ಮಾತಿದೆ. ಉಂಡ ಜೋಳದ ಋಣ ಎಂದು ಅದರ ಅರ್ಥ. ಒಡೆಯನ ಜೋಳ ಉಂಡ ವೀರ ಅವನಿಗಾಗಿ ಪ್ರಾಣ ಕೊಡುತ್ತಿದ್ದ. ಅಂಥವರ ನೆನಪಿಗೆ ನೆಟ್ಟ ವೀರಗಲ್ಲುಗಳು ಇವತ್ತಿಗೂ ನಮ್ಮ ಊರ ಮುಂದೆ ನಿಂತಿವೆ. ಸಾವು ಖಚಿತವೆಂದು ಗೊತ್ತಿದ್ದೂ ರಾಜ್ಯವನ್ನು ಒದ್ದ ಕರ್ಣನನ್ನು ಕಂಡು ನಮ್ಮ ಕಣ್ಣು ತುಂಬುತ್ತದೆ.

ಅದೇ ಕರ್ಣ ಇನ್ನೊಂದು ಕಡೆ, ಕೌರವರ ಸಭೆಯಲ್ಲಿ ಕುಳಿತಿದ್ದ. ದ್ರೌಪದಿಯನ್ನು ಮುಡಿ ಹಿಡಿದು ಎಳೆದು ತಂದಾಗ ತಡೆಯಲಿಲ್ಲ. ಅವಮಾನದ ಮಾತಿಗೆ ದನಿಗೂಡಿಸಿದ. ಎರಡೂ ಕಡೆ ಮನುಷ್ಯ ಒಬ್ಬನೇ, ಛಲವೂ ಒಂದೇ. ವ್ಯತ್ಯಾಸ ಎಲ್ಲಿದೆ? ಮೊದಲ ಕಡೆ ಅವನು ತನ್ನ ಮಾನಕ್ಕೆ ತಾನೇ ಬೆಲೆ ತೆತ್ತ. ಎರಡನೆಯ ಕಡೆ ತನಗಾದ ಹಳೆಯ ಅವಮಾನದ ಲೆಕ್ಕವನ್ನು ಬೇರೊಬ್ಬಳ ಮೈಮೇಲೆ ತೀರಿಸಹೊರಟ.

ಮಾನವನ್ನು ಅಳೆಯಲು ನನಗೆ ಸಿಕ್ಕಿರುವ ಕೊಳಗ ಇದೊಂದೇ. ಮಾನದ ಹೆಸರಿನಲ್ಲಿ ನಾನು ನನ್ನಿಂದ ಏನನ್ನೋ ಬೇಡುತ್ತಿದ್ದೇನೆಯೋ, ಇನ್ನೊಬ್ಬರಿಂದ ಕಿತ್ತುಕೊಳ್ಳುತ್ತಿದ್ದೇನೆಯೋ? ನನ್ನ ಮಾತು ಉಳಿಯಲೆಂದು ನಾನು ಹಸಿದಿದ್ದರೆ ಅದು ಮಾನ. ನನ್ನ ಹೆಸರು ಉಳಿಯಲೆಂದು ನನ್ನ ಮಗಳು ಅಳಬೇಕಾದರೆ ಅದು ಮಾನವಲ್ಲ, ಅಹಂಕಾರ.

ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು. ಒಬ್ಬರು ಚಪ್ಪಲಿ ಹೊಲಿಯುವ ಮನೆಯವರು, ಇನ್ನೊಬ್ಬರು ಬ್ರಾಹ್ಮಣ ಮಂತ್ರಿಯ ಮನೆಯವರು. ಕುಲದ ಮರ್ಯಾದೆ ಕೆಟ್ಟಿತೆಂದು ಗುಲ್ಲೆದ್ದಿತು. ದೊರೆ ಬಿಜ್ಜಳನ ಆಜ್ಞೆಯಂತೆ ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಶರಣರ ಪರಂಪರೆ ಹೇಳುತ್ತದೆ. ಎಳೆಸಿದವರು ತಾವು ಮರ್ಯಾದೆ ಉಳಿಸಿದೆವೆಂದು ತಿಳಿದಿದ್ದರು. ಎಂಟುನೂರು ವರ್ಷಗಳ ಮೇಲೆ ಇವತ್ತು ಮಾನವಂತರೆಂದು ನಾವು ಕೈಮುಗಿಯುವುದು ಯಾರಿಗೆ? ಎಳೆಸಿಕೊಂಡವರಿಗೆ.

ಆ ಪಾಠ ಇನ್ನೂ ನಮಗೆ ಪೂರ್ತಿ ಅರ್ಥವಾಗಿಲ್ಲ. ಜಾತಿ ಮೀರಿ ಮದುವೆಯಾದ ಮಕ್ಕಳನ್ನು ಹೆತ್ತವರೇ, ಒಡಹುಟ್ಟಿದವರೇ ಕೊಲ್ಲುವ ಸುದ್ದಿ ಈಗಲೂ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಶಕ್ತಿ ವಾಹಿನಿ ಪ್ರಕರಣದ ತೀರ್ಪಿನಲ್ಲಿ, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಮನೆತನವಾಗಲಿ, ಸಮುದಾಯವಾಗಲಿ, ಪಂಚಾಯಿತಿಯಾಗಲಿ ಅಡ್ಡ ಬರುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅಂಥ ಜೋಡಿಗಳನ್ನು ಕಾಪಾಡಲು ಸರ್ಕಾರಗಳಿಗೆ ಸೂಚನೆಗಳನ್ನೂ ಕೊಟ್ಟಿತು. ಇಂಥ ಕೊಲೆಗಳನ್ನು ನಾವು ಮರ್ಯಾದೆ ಹತ್ಯೆ ಎಂದು ಕರೆಯುತ್ತಿದ್ದೇವೆ. ಆ ಹೆಸರನ್ನೇ ಮೊದಲು ಬಿಡಬೇಕು. ಮರ್ಯಾದೆ ಎಂಬ ಮಾತಿಗೆ ಮೂಲದಲ್ಲಿ ಎಲ್ಲೆ, ಗಡಿ ಎಂಬ ಅರ್ಥವಿದೆ. ಎಲ್ಲ ಎಲ್ಲೆಯನ್ನೂ ದಾಟಿ ಮಾಡಿದ ಕೊಲೆಗೆ ಆ ಹೆಸರು ಹೇಗೆ ಒಪ್ಪೀತು?

ಮಾನ ಮನುಷ್ಯನನ್ನು ಕೊಲ್ಲುವ ಇನ್ನೊಂದು ದಾರಿ ಸಾಲದ್ದು. ಮಗಳ ಮದುವೆಗೆ ಊರಿಗೇ ಊಟ ಹಾಕಿಸಬೇಕು, ಬೀಗರ ಮುಂದೆ ಕಡಿಮೆಯಾಗಬಾರದು ಎಂದು ಹೊಲ ಮಾರಿದವರನ್ನು ನಾವು ಕಂಡಿದ್ದೇವೆ. ಮಳೆ ಕೈಕೊಟ್ಟು, ಬೆಲೆ ಕುಸಿದು, ತಮ್ಮದಲ್ಲದ ತಪ್ಪಿಗೆ ಸಾಲಗಾರರಾದವರನ್ನೂ ಕಂಡಿದ್ದೇವೆ. ಸಾಲದ ನಾಚಿಕೆ ಎಲ್ಲರನ್ನೂ ಒಂದೇ ಸಮ ಸುಡುವುದಿಲ್ಲ. ಭಂಡನಿಗೆ ಅದು ತಾಗುವುದೇ ಇಲ್ಲ. ಮಾತಿಗೆ ಬೆಲೆ ಕೊಡುವವನಿಗೆ, ಮಾನವಂತನಿಗೆ ಅದು ನಿದ್ದೆ ಕೊಡುವುದಿಲ್ಲ. ನೇಣಿಗೆ ಕೊರಳು ಕೊಟ್ಟ ನಮ್ಮ ಎಷ್ಟೋ ರೈತರು ಸಾಲ ತೀರಿಸಬೇಕೆಂಬ ಮನಸ್ಸಿದ್ದವರೇ.

ಈ ಸಂಗತಿ ಬಲ್ಲ ಕೆಲವರು ಅದನ್ನೇ ಚಾಟಿ ಮಾಡಿಕೊಂಡರು. ಕಿರುಸಾಲದ ವ್ಯವಹಾರ ನೋಡಿ. ಹೆಣ್ಣುಮಕ್ಕಳ ಗುಂಪು ಕಟ್ಟುತ್ತಾರೆ. ಒಬ್ಬಳು ಕಂತು ತಪ್ಪಿದರೆ ಉಳಿದವರು ಕಟ್ಟಬೇಕು. ಮೇಲುನೋಟಕ್ಕೆ ಇದು ಕಣಗಿನಹಾಳದ ತತ್ತ್ವವೇ. ಆದರೆ ಅಲ್ಲಿ ನೆರೆಯವರು ಕೂಡಿ, ತಮ್ಮದೇ ಸಂಘದಲ್ಲಿ, ಒಬ್ಬನ ಮಾನವನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕಾದರು. ಇಲ್ಲಿ ವಸೂಲಿಯವರು ಮನೆ ಮುಂದೆ ಕುಳಿತು, ಓಣಿಗೆಲ್ಲ ಕೇಳುವಂತೆ ಕೂಗಿ, ಗೋಡೆಯ ಮೇಲೆ ಬರೆದು, ಬಡವರ ಮಾನವನ್ನು ಬೀದಿಗೆ ತಂದರು. ಕಿರುಕುಳ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ 2025ರ ಆರಂಭದಲ್ಲಿ ನಮ್ಮ ರಾಜ್ಯದ ಹಲವು ಕಡೆಯಿಂದ ಬಂತು. ಆ ವರ್ಷದ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ಶಿಕ್ಷಾರ್ಹ ಅಪರಾಧ ಮಾಡಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಮಾನವನ್ನು ನಂಬಿ ಸಾಲ ಕೊಡಬಹುದು. ಸಾಲಕ್ಕಾಗಿ ಮಾನವನ್ನು ಹರಾಜು ಹಾಕಲು ಯಾರಿಗೂ ಹಕ್ಕಿಲ್ಲ.

ಈಗ ಕೇಳುತ್ತಿರುವವರಲ್ಲಿ ಸಾಲದ ಭಾರದಿಂದ ಕುಗ್ಗಿದವರು ಇದ್ದರೆ ಅವರಿಗೆ ಒಂದು ಮಾತು. ಸಾಲ ಬಾಕಿ ಇರುವುದು ಬೇರೆ, ಮಾನ ಹೋಗುವುದು ಬೇರೆ. ತೀರಿಸುವ ಮನಸ್ಸು ಇರುವವರೆಗೆ ನಿಮ್ಮ ಪತ್ತು ನಿಮ್ಮ ಹತ್ತಿರವೇ ಇದೆ. ನಮ್ಮ ಅಂಗಡಿಯ ಆ ಹೆಣ್ಣುಮಗಳು ಎರಡು ಸುಗ್ಗಿ ತೆಗೆದುಕೊಂಡಳು; ಅಷ್ಟು ದಿನವೂ ಆಕೆ ಮಾನವಂತೆಯೇ. ಆಕೆ ತೀರಿಸಿದ್ದು ಬದುಕಿ ಉಳಿದದ್ದರಿಂದ. ಮನಸ್ಸು ಕತ್ತಲಾದಾಗ ಒಬ್ಬರೇ ಕೂಡಬೇಡಿ, ಮನೆಯವರಿಗೆ ಹೇಳಿ, ಗೆಳೆಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಕೇಳಿಸಿಕೊಳ್ಳುವವರಿದ್ದಾರೆ.

ಈಗ ಪತ್ತು ಎಂಬುದು ಒಂದು ಅಂಕಿಯಾಗಿದೆ. ಸಿಬಿಲ್ ಅಂಕ 300ರಿಂದ 900ರವರೆಗೆ. ಬ್ಯಾಂಕಿನವರು ಕಂಪ್ಯೂಟರಿನಲ್ಲಿ ನೋಡಿ ಹೂಂ ಅಥವಾ ಊಹೂಂ ಎನ್ನುತ್ತಾರೆ. ಅದರ ಉಪಯೋಗ ಅದಕ್ಕಿದೆ. ಆದರೆ ಕಂತು ತಪ್ಪಿದ್ದು ಆ ಅಂಕಿಗೆ ಗೊತ್ತು, ಯಾಕೆ ತಪ್ಪಿತು ಎಂಬುದು ಗೊತ್ತಿಲ್ಲ. ಅದನ್ನು ತಿಳಿಯಬೇಕಾದವರು ನಾವು, ನೆರೆಹೊರೆಯವರು.

ಕೊನೆಯದಾಗಿ ನಮ್ಮೆಲ್ಲರ ಹೊಣೆಯ ಮಾತು. ಮಾನಕ್ಕಾಗಿ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದೆ. ಆದರೆ ಮಾನ ಕೊಡುವವರು ಯಾರು? ನಾವೇ. ನಾವು ಯಾರಿಗೆ ಎದ್ದು ನಿಂತು ಜಾಗ ಕೊಡುತ್ತೇವೆಯೋ, ನಮ್ಮ ಮಕ್ಕಳು ಅವರಂತೆ ಆಗಬಯಸುತ್ತಾರೆ. ನಮ್ಮ ತಂದೆಯ ಕಿರ್ದಿಯಲ್ಲಿ ಇನ್ನೊಂದು ಹೆಸರಿತ್ತು. ಊರಿನ ಅನುಕೂಲಸ್ಥರೊಬ್ಬರದು. ಅವರ ಬಾಕಿಯನ್ನು ವರ್ಷ ವರ್ಷವೂ ಹಳೆಯ ಪುಸ್ತಕದಿಂದ ಹೊಸ ಪುಸ್ತಕಕ್ಕೆ ಇಳಿಸುತ್ತಾ ಹೋದೆ. ಅದಕ್ಕೆ ಚುಕ್ತಾ ಬೀಳಲೇ ಇಲ್ಲ. ತೇರಿನ ದಿನ ಮೊದಲ ಕಾಯಿ ಒಡೆಯುತ್ತಿದ್ದವರು ಅವರೇ. ಆ ಹೆಣ್ಣುಮಗಳು ಜಾತ್ರೆಯ ಅಂಚಿನಲ್ಲಿ ಮಕ್ಕಳ ಕೈ ಹಿಡಿದು ನಿಂತಿರುತ್ತಿದ್ದಳು. ಊರು ಅಂದು ತಪ್ಪು ಜಾಗದಲ್ಲಿ ತಲೆಬಾಗಿತು. ಚಿಕ್ಕವನಾಗಿದ್ದರೂ ನನಗೆ ಅದು ಗೊತ್ತಿತ್ತು. ಅವರ ಬಾಕಿ ಬರೆದ ಕೈ ನನ್ನದೇ. ಗೊತ್ತಿದ್ದೂ ಎಲ್ಲರ ಜೊತೆ ನಾನೂ ಅವರಿಗೇ ಕೈಮುಗಿದೆ. ಆ ನಮಸ್ಕಾರ ಆಕೆಗೆ ಸಲ್ಲಬೇಕಿತ್ತು.

ಹೇಗೆ ಗಳಿಸಿದ ಎಂದು ಕೇಳದೆ ಗಳಿಸಿದವನಿಗೆಲ್ಲ ಹಾರ ಹಾಕುವ ಊರಿನಲ್ಲಿ ಮಾನವೂ ಮೋಸವನ್ನೇ ಕಲಿಸುತ್ತದೆ. ಕೊಟ್ಟ ಮಾತು ಉಳಿಸಿಕೊಂಡ ಆಟೋ ಚಾಲಕನಿಗೆ, ಲಕೋಟೆ ಮುಟ್ಟದ ಗುಮಾಸ್ತನಿಗೆ, ತೂಕದಲ್ಲಿ ಕೈ ಒತ್ತದ ತರಕಾರಿಯವಳಿಗೆ ನಾಲ್ಕು ಜನರ ಮುಂದೆ ಒಂದು ನಮಸ್ಕಾರ ಸಲ್ಲಿಸುವ ಊರಿನಲ್ಲಿ ಒಳ್ಳೆಯವನಾಗಲು ಬೇರೆ ಉಪದೇಶ ಬೇಕಾಗುವುದಿಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳಿಗೆ ಅಂಥ ಒಬ್ಬರ ಹೆಸರು ಹೇಳಿ. ದೊಡ್ಡವರ ಹೆಸರು ಬೇಡ. ನಿಮ್ಮ ಓಣಿಯವರದು, ನೀವು ಕಣ್ಣಾರೆ ಕಂಡವರದು. ನಾಳೆ ಅವರು ದಾರಿಯಲ್ಲಿ ಸಿಕ್ಕರೆ ಮಕ್ಕಳ ಎದುರಿಗೆ ಕೈಮುಗಿಯಿರಿ. ನಮ್ಮ ಊರುಗಳ ಪತ್ತು ಉಳಿಯುವುದು ಅಲ್ಲಿಂದ.